ಮೊಸಾಯಿಕ್ ಮಾಡೋಣ, ಬಣ್ಣ ಬಳಿಯೋದು ಬೇಡ

ರಾಜ್ಯೋತ್ಸವ ಹತ್ತಿರ ಬಂತು ಅಂದ್ರೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ಈ ಸಲ ಪೇಜಿಗೆ ಏನು ಹಾಕೋದು? ಹಳದಿ-ಕೆಂಪು ಹಿನ್ನೆಲೆ, ಮೇಲೆ ಭುವನೇಶ್ವರಿ, ಕೆಳಗೆ ಲೋಗೋ. ಇದನ್ನ ಎಲ್ಲ ಕಾಲೇಜಿನವರೂ ಹಾಕ್ತಾರೆ, ಹಾಕಲಿ, ತಪ್ಪೇನಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದಿರೋ ನಾವು ಒಂದಷ್ಟು ಜನ ಈ ವರ್ಷ ಬೇರೆ ಪ್ರಸ್ತಾಪ ಇಟ್ಟಿದ್ದೀವಿ. ನಮ್ಮ ನಾಲ್ಕು ತಾಲ್ಲೂಕಿನ ಫೋಟೋಗಳನ್ನು ಸೇರಿಸಿ ಒಂದು ಫೋಟೋ ಮೊಸಾಯಿಕ್. (ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕು ಅಂತ ಜಗಳಕ್ಕೆ ಬರೋರಿಗೆ: ನೀವೂ ಇದ್ದೀರಿ, ಹಳೇ ಲೆಕ್ಕದಲ್ಲಿ.)

ಪ್ರಸ್ತಾಪ ಎಲ್ಲರಿಗೂ ಹಿಡಿಸಿತು. ಜಗಳ ಶುರುವಾಗಿದ್ದು ಹೇಗೆ ಮಾಡೋದು ಅನ್ನೋದರಲ್ಲಿ. "ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರ? ಐವತ್ತು ಫೋಟೋ ಕೊಡಿ, ವೆಬ್‌ಸೈಟಿಗೆ ಹಾಕಿ ಹತ್ತು ನಿಮಿಷದಲ್ಲಿ ಕೊಡ್ತೀವಿ" ಅಂದ್ರು ಡಿಸೈನ್ ಟೀಮಿನವರು. ನಿಜ, ಹತ್ತು ನಿಮಿಷದಲ್ಲಿ ಆಗುತ್ತೆ. ಅದು ಯಾಕೆ ಬೇಡ ಅಂತ ಹೇಳೋಕೇ ಈ ಲೇಖನ.

ಮೊಸಾಯಿಕ್ ಕೆಲಸ ಮಾಡೋ ರೀತಿ ಸುಲಭ. ದೊಡ್ಡ ಚಿತ್ರವೊಂದನ್ನು ಚೌಕ ಚೌಕವಾಗಿ ಕತ್ತರಿಸ್ತೀವಿ. ಪ್ರತಿ ಚೌಕದ ಸರಾಸರಿ ಬಣ್ಣ ಎಷ್ಟು ಅಂತ ಲೆಕ್ಕ ಹಾಕ್ತೀವಿ. ನಮ್ಮ ಹತ್ರ ಇರೋ ಸಣ್ಣ ಫೋಟೋಗಳಲ್ಲಿ ಯಾವುದರ ಸರಾಸರಿ ಅದಕ್ಕೆ ಹತ್ತಿರ ಇದೆಯೋ ಅದನ್ನ ಆ ಜಾಗಕ್ಕೆ ಕೂರಿಸ್ತೀವಿ. ದೂರದಿಂದ ನೋಡಿದ್ರೆ, ಅಥವಾ ಕಣ್ಣು ಕಿರಿದು ಮಾಡಿ ನೋಡಿದ್ರೆ, ಸಣ್ಣದೆಲ್ಲ ಕರಗಿ ದೊಡ್ಡದು ಕಾಣುತ್ತೆ. ಹತ್ತಿರ ಬಂದ್ರೆ ದೊಡ್ಡದು ಮಾಯ, ಸಣ್ಣದು ಎದುರಿಗೆ.

ಐವತ್ತು ಫೋಟೋದಲ್ಲಿ ಇದು ಹೇಗಾಗುತ್ತೆ? ಆಗಲ್ಲ. ಅದಕ್ಕೇ ಆ ವೆಬ್‌ಸೈಟುಗಳಲ್ಲಿ ಒಂದು ಸ್ಲೈಡರ್ ಇರುತ್ತೆ. ಒಂದೊಂದರಲ್ಲಿ ಒಂದೊಂದು ಹೆಸರು, ಕೆಲಸ ಮಾತ್ರ ಒಂದೇ: ದೊಡ್ಡ ಚಿತ್ರದ ಬಣ್ಣವನ್ನು ಸಣ್ಣ ಫೋಟೋಗಳ ಮೇಲೆ ತೆಳುವಾಗಿ ಬಳಿಯೋದು. ಸ್ಲೈಡರನ್ನು ಅರ್ಧಕ್ಕೆ ಎಳೆದ್ರೆ ಕೆಳಗೆ ಯಾವ ಫೋಟೋ ಇದ್ರೂ ನಡೆಯುತ್ತೆ. ಬೇಕಾದ್ರೆ ಪರೀಕ್ಷೆ ಮಾಡಿ. ನಿಮ್ಮೂರ ಫೋಟೋ ಬದಲು ಲ್ಯಾಬ್ ರೆಕಾರ್ಡಿನ ಹಾಳೆಗಳನ್ನ ಸ್ಕ್ಯಾನ್ ಮಾಡಿ ಹಾಕಿ, ಸ್ಲೈಡರ್ ಎಳೀರಿ, ಅದೇ ಮುಖ ಬರುತ್ತೆ. ಅಂದ್ರೆ ಅಲ್ಲಿ ಸಣ್ಣ ಫೋಟೋಗಳು ಏನೂ ಕೆಲಸ ಮಾಡ್ತಿಲ್ಲ. ಗೋಡೆಗೆ ಅಂಟಿಸಿದ ಹಳೇ ಪೇಪರ್ ಥರ, ಮೇಲೆ ಬಣ್ಣ ಹೊಡೆಯೋಕೆ ಮಾತ್ರ.

ನಮ್ಮ ವಾದ ಇಷ್ಟೇ: ದೊಡ್ಡ ಚಿತ್ರಕ್ಕೋಸ್ಕರ ಸಣ್ಣ ಫೋಟೋಗಳ ಬಣ್ಣ ಬದಲಿಸಬಾರದು. ಬದಲಾಗೋದಿದ್ರೆ ದೊಡ್ಡ ಚಿತ್ರ ಬದಲಾಗಲಿ. ಇದು ಸುಮ್ನೆ ಆದರ್ಶದ ಮಾತಲ್ಲ, ತಾಂತ್ರಿಕವಾಗಿ ಆಗೋ ಕೆಲಸ. ಮುಂದೆ ಲೆಕ್ಕ ಸಮೇತ ಹೇಳ್ತೀವಿ.

ಮೊದಲು ಸ್ವಲ್ಪ ಹಿನ್ನೆಲೆ. 1966ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲಿಯಾನ್ ಹಾರ್ಮನ್ ಮತ್ತು ಕೆನ್ ನೋಲ್ಟನ್ ಒಂದು ಫೋಟೋವನ್ನು ಸ್ಕ್ಯಾನ್ ಮಾಡಿ, ಅದರ ಕಪ್ಪು-ಬಿಳುಪಿನ ಜಾಗಗಳಿಗೆ ಪುಟ್ಟ ಪುಟ್ಟ ಚಿಹ್ನೆಗಳನ್ನ ಕೂರಿಸಿದ್ರು. ಆಮೇಲೆ ಹಾರ್ಮನ್ ಅಬ್ರಹಾಂ ಲಿಂಕನ್ ಮುಖವನ್ನು ಕೆಲವೇ ನೂರು ಬೂದು ಚೌಕಗಳಿಗೆ ಇಳಿಸಿ, 1973ರಲ್ಲಿ ಮುಖ ಗುರುತಿಸೋದರ ಬಗ್ಗೆ ಬರೆದ ಲೇಖನದಲ್ಲಿ ತೋರಿಸಿದ್ರು. ಅಷ್ಟು ಕಡಿಮೆ ಚೌಕದಲ್ಲೂ ಜನ ಲಿಂಕನ್‌ನ ಗುರುತು ಹಿಡಿದ್ರು. ಅದನ್ನೇ ಇಟ್ಕೊಂಡು ಸಾಲ್ವಡಾರ್ ಡಾಲಿ 1976ರಲ್ಲಿ ಪೇಂಟಿಂಗ್ ಮಾಡಿದ. 1990ರ ದಶಕದಲ್ಲಿ ಎಂಐಟಿ ವಿದ್ಯಾರ್ಥಿ ರಾಬರ್ಟ್ ಸಿಲ್ವರ್ಸ್ ಚೌಕದ ಜಾಗಕ್ಕೆ ಪೂರ್ತಿ ಫೋಟೋಗಳನ್ನೇ ಕೂರಿಸೋ ಪ್ರೋಗ್ರಾಂ ಬರೆದ. 1998ರ 'ದ ಟ್ರೂಮನ್ ಶೋ' ಸಿನಿಮಾದ ಪೋಸ್ಟರ್ ಅವನದೇ. ನೋಡಿಲ್ಲದವರು ನೋಡಿ, ಜಿಮ್ ಕ್ಯಾರಿ ಮುಖದೊಳಗೆ ಸಿನಿಮಾದ ದೃಶ್ಯಗಳೇ ತುಂಬಿವೆ. ಇಡೀ ಜೀವನವನ್ನ ಯಾರೋ ಕ್ಯಾಮೆರಾದಲ್ಲಿ ಹಿಡೀತಿರೋ ಒಬ್ಬ ಮನುಷ್ಯನ ಕಥೆಗೆ ಅದಕ್ಕಿಂತ ಸರಿಯಾದ ಪೋಸ್ಟರ್ ಇರಲ್ಲ. ಅಲ್ಲಿ ಸಣ್ಣದಕ್ಕೂ ದೊಡ್ಡದಕ್ಕೂ ಸಂಬಂಧ ಇದೆ. ನಮಗೂ ಬೇಕಾಗಿರೋದು ಅದೇ.

ಹಾಗಾದ್ರೆ ದೊಡ್ಡ ಚಿತ್ರ ಯಾವುದು? ಗ್ರೂಪಿನಲ್ಲಿ ಬಂದ ಸಲಹೆಗಳು: ಕರ್ನಾಟಕದ ನಕ್ಷೆ, ಕಬಿನಿಯ ಆನೆ, ಬೈಲಕುಪ್ಪೆ ಗೋಲ್ಡನ್ ಟೆಂಪಲ್, ಅಪ್ಪು. ನಾವು ಹೇಳಿದ್ದು ದೇವರಾಜ ಅರಸು.

ಕಾರಣ ಎರಡು. ಮೊದಲನೆಯದು ತಾಂತ್ರಿಕ. ಮನುಷ್ಯನ ಕಣ್ಣು ಮುಖವನ್ನು ಗುರುತಿಸುವಷ್ಟು ಬೇಗ ಬೇರೆ ಯಾವುದನ್ನೂ ಗುರುತಿಸಲ್ಲ. ನಕ್ಷೆ ಕಾಣಬೇಕಾದ್ರೆ ಅಂಚು ಚೂಪಾಗಿರಬೇಕು, ಅದಕ್ಕೆ ಚೌಕ ಜಾಸ್ತಿ ಬೇಕು. ಮುಖಕ್ಕೆ ಕಮ್ಮಿ ಸಾಕು. ಚೌಕ ಕಮ್ಮಿ ಆದಷ್ಟೂ ಒಂದೊಂದು ಫೋಟೋ ದೊಡ್ಡದಾಗುತ್ತೆ, ಒಳಗೆ ಯಾರಿದ್ದಾರೆ ಅಂತ ಕಾಣುತ್ತೆ. ಅರಸು ಅವರ ಮುಖಕ್ಕೆ ದಪ್ಪ ಫ್ರೇಮಿನ ಕನ್ನಡಕ ಬೇರೆ ಇದೆ, ಮೊಸಾಯಿಕ್‌ಗೆ ಹೇಳಿ ಮಾಡಿಸಿದ ಹಾಗೆ.

ಎರಡನೆಯದು, ಅವರು ನಮ್ಮ ಕಡೆಯವರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. 1915ರ ಆಗಸ್ಟ್ 20ರಂದು ಹುಟ್ಟಿದ್ದು. ಹುಣಸೂರು ಕ್ಷೇತ್ರದಿಂದ ಮತ್ತೆ ಮತ್ತೆ ಗೆದ್ದವರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ ಮುಖ್ಯಮಂತ್ರಿ ಆಗಿದ್ದವರು. ನವೆಂಬರ್ 1ಕ್ಕೆ ಧ್ವಜ ಹಾರಿಸಿ ಪೋಸ್ಟ್ ಹಾಕೋ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರಿಟ್ಟ ಸರ್ಕಾರದ ಮುಖ್ಯಸ್ಥ ಹುಣಸೂರಿನವರು ಅಂತ ಗೊತ್ತು? ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ಸೋಷಿಯಲ್ ಸೈನ್ಸ್ ಓದಿದ ನಮ್ಮಂಥವರಿಗೆ ಅವರು ಒಂದು ಮಾರ್ಕಿನ ಪ್ರಶ್ನೆ ಅಷ್ಟೇ.

ಆ ಒಂದು ಮಾರ್ಕಿನ ಉತ್ತರ 'ಭೂ ಸುಧಾರಣೆ'. ಅದು ನಮ್ಮ ಮನೆಗಳಲ್ಲಿ ಬೇರೆ ಥರ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನು ಸರ್ಕಾರದ ವಶಕ್ಕೆ ಹೋಗಿ, ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು ಹಕ್ಕು ಪಡೆದ್ರು. ತಾತಂದಿರ ಟ್ರಂಕಿನಲ್ಲಿ ಆ ಆರ್ಡರಿನ ಕಾಗದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿರೋ ಮನೆಗಳು ನಮ್ಮ ಕಡೆ ಕಮ್ಮಿ ಏನಿಲ್ಲ. ಆ ಮನೆಗಳ ಫೋಟೋ, ಆ ಹೊಲಗಳ ಫೋಟೋ ಸೇರಿಸಿ ಅರಸು ಮುಖ ಮಾಡಿದ್ರೆ, ಸಣ್ಣದಕ್ಕೂ ದೊಡ್ಡದಕ್ಕೂ ಸಂಬಂಧ ಬಂತು.

(ಒಂದು ತಮಾಷೆ ವಿಷಯ. ಅರಸು ಪೈಪ್ ಸೇದುತ್ತಿದ್ದರು. ಹೊಗೆಸೊಪ್ಪಿನ ತಾಲ್ಲೂಕಿನವರು ಪೈಪ್ ಇರೋ ಫೋಟೋನೇ ಬೇಕು ಅಂತ ಹಟ ಮಾಡ್ತಿದ್ದಾರೆ. ಕಾಲೇಜ್ ಪೇಜಿನಲ್ಲಿ ಬೇಡ ಅಂತ ನಮ್ಮ ಅಭಿಪ್ರಾಯ, ಮೇಷ್ಟ್ರಿಗೆ ಉತ್ತರ ಕೊಡೋರು ಯಾರು?)

ಮೂಲ ಚಿತ್ರವನ್ನು ಗೂಗಲ್‌ನಿಂದ ಎತ್ತಬಾರದು ಅನ್ನೋದೂ ನಮ್ಮ ಷರತ್ತು. ಆ ಫೋಟೋ ಯಾರೋ ಒಬ್ಬ ಫೋಟೋಗ್ರಾಫರ್ ತೆಗೆದಿರ್ತಾರೆ. ಬೆಂಗಳೂರಿಗೆ ಹೋದವರು ಯಾರಾದ್ರೂ ವಿಧಾನಸೌಧದ ಪಶ್ಚಿಮ ದ್ವಾರದ ಬಳಿ ಇರೋ ಅರಸು ಪ್ರತಿಮೆಯ ಮುಖವನ್ನು ಬೆಳಗಿನ ಓರೆ ಬಿಸಿಲಿನಲ್ಲಿ ತೆಕ್ಕೊಂಡು ಬಂದ್ರೆ ಸಾಕು. ನೆರಳು-ಬೆಳಕು ಚೆನ್ನಾಗಿ ಬೀಳುತ್ತೆ, ಸಾಲದ ತೊಂದರೆಯೂ ಇಲ್ಲ.

ಈಗ ಲೆಕ್ಕ. ಅಡ್ಡಕ್ಕೆ 32, ಉದ್ದಕ್ಕೆ 40, ಒಟ್ಟು 1280 ಚೌಕ. ತಾಲ್ಲೂಕಿಗೆ 320 ಫೋಟೋ. ಒಂದು ಫೋಟೋ ಒಂದೇ ಸಲ. ವೆಬ್‌ಸೈಟಿನಲ್ಲಿ ಒಬ್ಬರ ಮುಖ ಮೂವತ್ತು ಸಲ ಬರುತ್ತೆ, ಇಲ್ಲಿ ಬರಲ್ಲ.

ಮುಖ ಕಪ್ಪು-ಬಿಳುಪಿನದ್ದು ಆದ್ದರಿಂದ ನಮಗೆ ಬೇಕಾಗಿರೋದು ಬೆಳಕಿನ ಪ್ರಮಾಣ ಮಾತ್ರ. ಪ್ರತಿ ಫೋಟೋದ ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿದ್ರೆ ಸೊನ್ನೆಯಿಂದ 255ರ ನಡುವೆ ಒಂದು ಸಂಖ್ಯೆ ಸಿಗುತ್ತೆ. 1280 ಫೋಟೋಗೂ ಇದನ್ನ ಮಾಡಿ. ದೊಡ್ಡ ಚಿತ್ರದ 1280 ಚೌಕಕ್ಕೂ ಮಾಡಿ. ಎರಡು ಪಟ್ಟಿಯನ್ನೂ ಕಪ್ಪಿನಿಂದ ಬಿಳುಪಿಗೆ ಸಾರ್ಟ್ ಮಾಡಿ. ಅತಿ ಕಪ್ಪು ಚೌಕಕ್ಕೆ ಅತಿ ಕಪ್ಪು ಫೋಟೋ, ಎರಡನೇ ಕಪ್ಪಿಗೆ ಎರಡನೇದು, ಹೀಗೆ ಕೊನೇವರೆಗೆ. ಮುಗೀತು. ಮೂರನೇ ಸೆಮ್ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಬರೆದ ಮರ್ಜ್ ಸಾರ್ಟ್ ಸಾಕು, ಪೈಥಾನಿನಲ್ಲಿ ಇಪ್ಪತ್ತು-ಮೂವತ್ತು ಸಾಲು.

ಇದರಲ್ಲಿ ಏನಾಯ್ತು ಗಮನಿಸಿ. ಚೌಕದ ಬೆಳಕು 40 ಇದ್ದು, ಆ ಸ್ಥಾನದ ಫೋಟೋ 70 ಇದ್ರೆ, ಫೋಟೋವನ್ನು ಕಪ್ಪು ಮಾಡಲಿಲ್ಲ. ದೊಡ್ಡ ಚಿತ್ರವೇ ಅಲ್ಲಿ 70ಕ್ಕೆ ಏರಿತು. ಇಡೀ ಮುಖ ನಮ್ಮ ಫೋಟೋಗಳ ನೆರಳು-ಬೆಳಕಿಗೆ ತಕ್ಕ ಹಾಗೆ ತನ್ನನ್ನ ಹೊಂದಿಸ್ಕೊಳ್ತು. ಯಾರ ಮೇಲೂ ಯಾವ ಬಣ್ಣವೂ ಬಿದ್ದಿಲ್ಲ. ಇನ್ನೂ ಚೂಪಾಗಿ ಬೇಕು ಅನ್ನೋರು ಪ್ರತಿ ಚೌಕವನ್ನು ಒಳಗೆ ಮತ್ತೆ ಒಂಬತ್ತು ಭಾಗ ಮಾಡಿ, ಎಡ ಕಪ್ಪು-ಬಲ ಬಿಳುಪು ಎಲ್ಲ ಹೋಲಿಸಿ, ಹಂಗೇರಿಯನ್ ಅಲ್ಗಾರಿದಮ್ ಓಡಿಸಬಹುದು. ಸೈಪೈನಲ್ಲಿ ರೆಡಿ ಇದೆ.

ತೊಂದರೆ ಒಂದಿದೆ, ಮುಚ್ಚಿಡಲ್ಲ. ಫೋನಿನ ಕ್ಯಾಮೆರಾ ಎಲ್ಲವನ್ನೂ ನಡುಮಟ್ಟದ ಬೆಳಕಿಗೆ ತಂದು ನಿಲ್ಲಿಸುತ್ತೆ. ಮಧ್ಯಾಹ್ನ ತೆಗೆದ ಫೋಟೋ, ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ, ಎಲ್ಲದರ ಸರಾಸರಿಯೂ ಸುಮಾರು ಒಂದೇ. ಅಂಥ 1280 ಫೋಟೋ ಇಟ್ಟು ಸಾರ್ಟ್ ಮಾಡಿದ್ರೆ ಅರಸು ಮಂಜಿನೊಳಗೆ ನಿಂತಂಗೆ ಕಾಣ್ತಾರೆ. ಅದಕ್ಕೆ ಸ್ಲೈಡರ್ ಉತ್ತರವಲ್ಲ. ನಿಜವಾಗ್ಲೂ ಕಪ್ಪಾಗಿರೋ, ನಿಜವಾಗ್ಲೂ ಬೆಳ್ಳಗಿರೋ ಫೋಟೋ ಬೇಕು. ನಮಗೆ ಈ ಕೆಲಸದಲ್ಲಿ ಮಜಾ ಬಂದಿದ್ದೇ ಇಲ್ಲಿ.

ಇಲ್ಲಿವರೆಗೆ ಗ್ರೂಪಿಗೆ ಬಂದಿರೋ ಫೋಟೋಗಳನ್ನ ನೋಡಿ. ಗೋಲ್ಡನ್ ಟೆಂಪಲ್ ಮುಂದೆ ನಿಂತ ಫ್ರೆಂಡ್ಸ್. ಕಬಿನಿ ಹಿನ್ನೀರಿನ ಸೂರ್ಯಾಸ್ತ. ಚುಂಚನಕಟ್ಟೆ ಜಲಪಾತದ ಮುಂದೆ ಸೆಲ್ಫಿ. ನಾಗರಹೊಳೆ ರಸ್ತೇಲಿ ಕಾರಿನ ಕಿಟಕಿಯಿಂದ ಜಿಂಕೆ. ನಮ್ಮೂರನ್ನೇ ನಾವು ಟೂರಿಸ್ಟ್ ಥರ ನೋಡ್ತಿದ್ದೀವಿ. ಬೈಲಕುಪ್ಪೆಗೆ ಟಿಬೆಟಿನವರು ಬಂದು ನೆಲೆಸಿದ್ದು 1960ರ ದಶಕದ ಶುರುವಿನಲ್ಲಿ. ಕಾಡು ಕಡಿದು, ಹೊಲ ಮಾಡಿ, ಜೋಳ ಬೆಳೆದ್ರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಊರುಗಳಿವೆ. ಅರವತ್ತು ವರ್ಷದ ಅಕ್ಕಪಕ್ಕದವರು. ಆದ್ರೆ ನಮ್ಮ ಫೋನಿನಲ್ಲಿ ಅವರ ಹೊಲದ ಒಂದು ಫೋಟೋ ಇಲ್ಲ, ಚಿನ್ನದ ಬುದ್ಧನ ಫೋಟೋ ಮಾತ್ರ ಇನ್ನೂರು.

ಅಲ್ಗಾರಿದಮ್‌ಗೆ ಕಪ್ಪು ಬೇಕು ಅಂದ ಕೂಡಲೇ ಯೋಚನೆ ಬೇರೆ ಕಡೆ ಹೋಯ್ತು. ನಮ್ಮ ಕಡೆ ಕಪ್ಪು ಎಲ್ಲಿದೆ? ರಾತ್ರಿ ಎರಡು ಗಂಟೆಗೆ ಬ್ಯಾರನ್ ಮುಂದೆ. ಹೊಗೆಸೊಪ್ಪು ಬೆಳೆಯೋರ ಮನೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ: ಸೊಪ್ಪು ಕೊಯ್ದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲಾಗಿ ನೇತು ಹಾಕಿ, ಹೊರಗಿನಿಂದ ಸೌದೆ ಉರಿಸಿ ಕೊಳವೆಯಲ್ಲಿ ಶಾಖ ಕೊಡ್ತಾರೆ. ಸೊಪ್ಪು ಮೊದಲು ಹಳದಿ ಆಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಐದಾರು ದಿನ ಬೆಂಕಿ ಆರೋ ಹಾಗಿಲ್ಲ, ಶಾಖ ಹೆಚ್ಚುಕಮ್ಮಿ ಆಗೋ ಹಾಗಿಲ್ಲ. ಆದ್ರೆ ಬಣ್ಣ ಹೋಯ್ತು. ಬಣ್ಣ ಹೋದ್ರೆ ಹರಾಜಿನಲ್ಲಿ ಗ್ರೇಡ್ ಹೋಯ್ತು, ಗ್ರೇಡ್ ಹೋದ್ರೆ ರೇಟು ಹೋಯ್ತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ನಿಮಿಷದಲ್ಲಿ ಮುಗಿಯೋ ಬೆಲೆಯ ಹಿಂದೆ ಈ ನಿದ್ದೆಗೆಟ್ಟ ರಾತ್ರಿಗಳಿವೆ. ನಮ್ಮಲ್ಲಿ ಎಷ್ಟೋ ಜನರ ಸೆಮಿಸ್ಟರ್ ಫೀಸು ಕಟ್ಟಿರೋದು ಆ ಸೊಪ್ಪು. ಹೊಗೆಸೊಪ್ಪು ಒಳ್ಳೇದಾ ಕೆಟ್ಟದ್ದಾ ಅನ್ನೋ ಚರ್ಚೆ ಬೇರೆ, ಅದನ್ನ ಇನ್ನೊಂದು ಸಂಚಿಕೆಯಲ್ಲಿ ಮಾಡೋಣ. ಆದ್ರೆ ಆ ರಾತ್ರಿಯ ಫೋಟೋ ಯಾರ ಫೋನಿನಲ್ಲೂ ಇಲ್ಲ ಅನ್ನೋದು ನಮಗೆ ಅಚ್ಚರಿ ಅನ್ನಿಸ್ತು. ಪೂರ್ತಿ ಕಪ್ಪು, ನಡುವೆ ಒಂದು ಕೆಂಡದ ಬಾಯಿ, ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ದೊಡ್ಡಪ್ಪ. ಅರಸು ಕನ್ನಡಕದ ಫ್ರೇಮಿಗೆ ಇಂಥ ಅರವತ್ತು ಫೋಟೋ ಬೇಕು.

ಬಿಳುಪು ಎಲ್ಲಿದೆ? ಮಳೆಗಾಲದಲ್ಲಿ ಚುಂಚನಕಟ್ಟೆಯ ನೊರೆ. ಆದ್ರೆ ಸೆಲ್ಫಿ ಬೇಡ, ನೀರು ಮಾತ್ರ. ಬೆಟ್ಟದಪುರದ ಬೆಟ್ಟದ ಮೇಲೆ ಬೆಳಗಿನ ಮಂಜು. ಜನವರಿಯಲ್ಲಿ ಚುಂಚನಕಟ್ಟೆ ದನದ ಜಾತ್ರೆಯಲ್ಲಿ ಮೈ ತೊಳೆದು ನಿಲ್ಲಿಸಿದ ಹಳ್ಳಿಕಾರ್ ಎತ್ತು, ಹೋದ ವರ್ಷದ್ದು ಇದ್ರೆ ಕಳಿಸಿ. ಸುಣ್ಣ ಹೊಡೆದ ಗೋಡೆ. ಕೆ.ಆರ್. ನಗರದ ಅಕ್ಕಿ ಗಿರಣಿಯಿಂದ ಬೀಳೋ ಅಕ್ಕಿ. ಟ್ರಂಕಿನಲ್ಲಿರೋ ಆ ಹಳೇ ಆರ್ಡರ್ ಕಾಗದವೂ ಬಿಳುಪೇ, ಸ್ವಲ್ಪ ಹಳದಿ ತಿರುಗಿದ ಬಿಳುಪು. ಅದನ್ನ ತೆಗೀವಾಗ ಹೆಸರು, ಸರ್ವೆ ನಂಬರ್ ಕಾಣದ ಹಾಗೆ ಮಡಚಿ ತೆಗೀರಿ.

ಈಗ ಕಷ್ಟದ ಮಾತು. ಅರಸು ಮುಖ ಅಂತ ಹೇಳಿದಾಗ ಎಚ್.ಡಿ. ಕೋಟೆ ಕಡೆಯ ಒಬ್ಬ ಗೆಳತಿ ಒಂದು ಪ್ರಶ್ನೆ ಕೇಳಿದ್ಲು. "ನಿಮ್ಮ ತಾತನಿಗೆ ಜಮೀನು ಬಂತು, ಸರಿ. ಅದೇ ವರ್ಷಗಳಲ್ಲಿ ಜಮೀನು ಕಳ್ಕೊಂಡವರ ಫೋಟೋನೂ ಅದೇ ಮುಖದೊಳಗೆ ಹಾಕ್ತೀರಾ?"

ಪ್ರಶ್ನೆ ಸುಮ್ನೆ ತಳ್ಳಿಹಾಕೋ ಅಂಥದ್ದಲ್ಲ. ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದದ್ದೂ 1974ರಲ್ಲೇ. ನಾವು ಸೂರ್ಯಾಸ್ತದ ಫೋಟೋ ತೆಗೆಯೋ ಹಿನ್ನೀರಿನ ಕೆಳಗೆ ಹಳ್ಳಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರದ ವರ್ಷಗಳಲ್ಲಿ ನಾಗರಹೊಳೆ ಕಾಡಿನೊಳಗಿದ್ದ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳ ಎಷ್ಟೋ ಕುಟುಂಬಗಳು ಹೊರಗೆ ಬರಬೇಕಾಯ್ತು. ಕೆಲವರು ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋದ್ರು. ಇನ್ನು ಕೆಲವರು ಬಹಳ ವರ್ಷ ಕಳೆದ ಮೇಲೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದ್ರು. ಎಲ್ಲವೂ ಒಬ್ಬ ಮುಖ್ಯಮಂತ್ರಿಯ ಲೆಕ್ಕಕ್ಕೆ ಸೇರಲ್ಲ, ಕಾಯ್ದೆ ಕೇಂದ್ರದ್ದು, ಅಣೆಕಟ್ಟಿನ ಕೆಲಸ ಅವರಿಗಿಂತ ಮುಂಚೆಯೇ ಶುರುವಾಗಿತ್ತು. ಆದ್ರೆ ಮೊಸಾಯಿಕ್ ಇಂಥ ವಿವರಣೆ ಕೊಡಲ್ಲ. ಮೊಸಾಯಿಕ್ ಹೇಳೋದು ಒಂದೇ ವಾಕ್ಯ: ಇವರೆಲ್ಲ ಸೇರಿ ಈತ.

ಇನ್ನೊಂದು ಸೂಕ್ಷ್ಮ ಇದೆ. ಅಲ್ಗಾರಿದಮ್ ನೋಡೋದು ಸರಾಸರಿ ಬೆಳಕು ಮಾತ್ರ. ಕಾಡಿನ ನೆರಳಲ್ಲಿ, ಗುಡಿಸಲಿನ ಒಳಗೆ ತೆಗೆದ ಫೋಟೋಗಳು ಕಪ್ಪಾಗಿ ಬರ್ತವೆ, ಹಾಗಾಗಿ ಅವೆಲ್ಲ ಕೂದಲಿಗೆ, ಕತ್ತಿನ ಕೆಳಗಿನ ನೆರಳಿಗೆ ಹೋಗ್ತವೆ. ಬಿಳೀ ಗೋಡೆಯ ಮುಂದೆ, ಮದುವೆ ಛತ್ರದ ಲೈಟಿನಲ್ಲಿ ನಿಂತವರು ಹಣೆಗೆ ಬರ್ತಾರೆ. ಯಾರೂ ಬೇಕು ಅಂತ ಮಾಡಿದ್ದಲ್ಲ, ಸಾರ್ಟ್ ಫಂಕ್ಷನ್‌ಗೆ ಜಾತಿ ಗೊತ್ತಿಲ್ಲ. ಆದರೂ ಕೊನೆಗೆ ಬಂದ ಚಿತ್ರದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅಂತ ಹಾಡಿಯ ಹುಡುಗನೊಬ್ಬ ಝೂಮ್ ಮಾಡಿ ಹುಡುಕಿದ್ರೆ ಅವನಿಗೆ ಏನು ಕಾಣುತ್ತೆ? ಕಾಕನಕೋಟೆ ಖೆಡ್ಡಾದ ಹಳೇ ಫೋಟೋಗಳನ್ನ ನೀವೂ ನೋಡಿರ್ತೀರ. ನಾವು ನೋಡಿದವುಗಳ ಕೆಳಗೆ ಬಂದ ಅತಿಥಿಗಳ ಹೆಸರಿದೆ, ಆನೆ ಪಳಗಿಸಿದವರ ಹೆಸರಿಲ್ಲ. ಅದನ್ನೇ ನಾವು ಪೈಥಾನಿನಲ್ಲಿ ಮತ್ತೆ ಮಾಡಬಾರದು.

ಇದಕ್ಕೆ ಸಂಘದಲ್ಲಿ ಬಂದ ಒಂದು ಉತ್ತರ, "ಹಾಗಾದ್ರೆ ಹಾಡಿ ಫೋಟೋಗಳೇ ಬೇಡ, ರಗಳೆ ಯಾಕೆ?" ಇದನ್ನ ನಾವು ಒಪ್ಪಲ್ಲ. ಕೋಟೆ ತಾಲ್ಲೂಕಿನ 320 ಫೋಟೋದಲ್ಲಿ ಹಾಡಿ ಇಲ್ಲದಿದ್ರೆ ಅದು ರೆಸಾರ್ಟಿನ ಬ್ರೋಷರ್. ಇನ್ನೊಂದು ಉತ್ತರ, "ಮುಖ ಬಿಟ್ಟು ಆನೆ ಮಾಡೋಣ." ಆನೆ ಮಾಡಿದ್ರೆ ಪ್ರಶ್ನೆ ಹೋಗಲ್ಲ, ಕೇಳೋರು ಮಾತ್ರ ಇರಲ್ಲ.

ನಾವು ಹೇಳೋದು: ಕೇಳೋಣ. ಯಾರ ಫೋಟೋ ಇದೆಯೋ ಅವರಿಗೆ ಫೋನ್ ಮಾಡಿ, ಅಥವಾ ಹೋಗಿ, ಅರಸು ಮುಖ ಇದು, ನಿಮ್ಮ ಫೋಟೋ ಇದರೊಳಗೆ ಒಂದು ಚೌಕ, ಹಾಕಬಹುದಾ ಅಂತ ಕೇಳೋಣ. ಗುಂಪಿನಲ್ಲಿ ಹೋಗಿ ಕೈ ಎತ್ತಿಸಿ ಅಲ್ಲ. ಅಲ್ಲೇ ಹುಟ್ಟಿ ಬೆಳೆದು ನಮ್ಮ ಜೊತೆ ಓದ್ತಿರೋರು ಇದ್ದಾರೆ, ಅವರು ಮುಂದೆ ನಿಂತು, ಅವರ ಮಾತಿನಲ್ಲಿ. ಬೇಡ ಅಂದ್ರೆ ಬೇಡ. ಬೇಡ ಅಂದವರ ಚೌಕವನ್ನು ಬೇರೆ ಫೋಟೋದಿಂದ ತುಂಬೋದೂ ಬೇಡ, ಖಾಲಿ ಬಿಡೋಣ. ಬರೀ ಬೂದು ಚೌಕ. 1280ರಲ್ಲಿ ಐವತ್ತೋ ಎಂಬತ್ತೋ ಚೌಕ ಅಲ್ಲಲ್ಲಿ ಖಾಲಿ ಇದ್ರೆ ಮುಖ ಕೆಡಲ್ಲ, ಕಣ್ಣು ತಾನೇ ತುಂಬ್ಕೊಳುತ್ತೆ. ಆದ್ರೆ ಹತ್ತಿರ ಬಂದು ನೋಡಿದವರಿಗೆ ಅಲ್ಲಿ ಒಬ್ಬರು ಬರಲಿಲ್ಲ ಅಂತ ಗೊತ್ತಾಗುತ್ತೆ. ಡಿಸೈನ್ ಟೀಮಿನವರಿಗೆ ಖಾಲಿ ಚೌಕ ಅಂದ್ರೆ ಆಗಲ್ಲ, "ಲೋಡ್ ಆಗಿಲ್ಲ ಅನ್ಕೊಳ್ತಾರೆ" ಅಂತ. ಅನ್ಕೊಳ್ಳಲಿ, ಕೆಳಗೆ ಒಂದು ಸಾಲು ಬರೆದ್ರಾಯ್ತು.

ಒಪ್ಪಿದವರಲ್ಲೂ ಯಾರಾದ್ರೂ ನನ್ನ ಫೋಟೋ ಹಣೆ ಮೇಲೇ ಇರಲಿ ಅಂದ್ರೆ ಇರಲಿ. ಸಾರ್ಟ್ ಮಾಡೋಕೆ ಮುಂಚೆ ಆ ಚೌಕವನ್ನ ಅವರಿಗೆ ಮೀಸಲಿಟ್ಟು ಉಳಿದಿದ್ದನ್ನ ಸಾರ್ಟ್ ಮಾಡೋದು. ಕೋಡಿನಲ್ಲಿ ಎರಡು ಸಾಲು ಜಾಸ್ತಿ. (ಹೌದು, ಮೀಸಲಾತಿ. ಹಾವನೂರು ಆಯೋಗ ನೇಮಿಸಿದವರ ಮುಖ ಮಾಡ್ತಾ ಮೀಸಲಾತಿ ಅಂದ್ರೆ ಮುಖ ಸಿಂಡರಿಸೋದು ಸರಿಯಲ್ಲ.)

ಇನ್ನು ಪೇಜಿಗೆ ಹಾಕೋ ವಿಚಾರ. ಇಲ್ಲೇ ಎಲ್ಲರ ಮೊಸಾಯಿಕ್ ಸಾಯೋದು. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಅಗಲ 1080 ಪಿಕ್ಸೆಲ್. ಅದನ್ನ 32 ಚೌಕಕ್ಕೆ ಹಂಚಿದ್ರೆ ಒಂದೊಂದಕ್ಕೆ 34 ಪಿಕ್ಸೆಲ್ ಕೂಡ ಇಲ್ಲ. ದೊಡ್ಡಪ್ಪ ಒಂದು ಕಲೆ ಅಷ್ಟೇ. ಅದಕ್ಕೆ ನಮ್ಮ ಲೆಕ್ಕ ಹೀಗೆ: ಮೊದಲ ಸ್ಲೈಡಿನಲ್ಲಿ ಪೂರ್ತಿ ಮುಖ. ಆಮೇಲೆ ಚಿತ್ರವನ್ನ ನಾಲ್ಕು ಅಡ್ಡ, ನಾಲ್ಕು ಉದ್ದ ಕತ್ತರಿಸಿ ಹದಿನಾರು ಸ್ಲೈಡ್. ಒಂದೊಂದರಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 10 ಫೋಟೋ. ಈಗ ಒಂದೊಂದಕ್ಕೆ 135 ಪಿಕ್ಸೆಲ್ ಸಿಕ್ತು, ಮುಖ ಗುರುತು ಸಿಗುತ್ತೆ. 1080ಕ್ಕೆ 1350, ಸರಿಯಾಗಿ ನಾಲ್ಕಕ್ಕೆ ಐದರ ಅನುಪಾತ, ಎಲ್ಲೂ ತಲೆ ಕತ್ತರಿಸಿ ಹೋಗಲ್ಲ. 2024ರಿಂದ ಒಂದು ಪೋಸ್ಟಿನಲ್ಲಿ 20 ಸ್ಲೈಡ್ ಹಾಕಬಹುದು, ಹದಿನೇಳು ಇದಕ್ಕೆ ಹೋದ್ರೆ ಮೂರು ಉಳೀತು, ಅದರಲ್ಲಿ ಬರಹ. ಪ್ರೊಫೈಲಿನಲ್ಲಿ ಒಂಬತ್ತು ಚೌಕ ಜೋಡಿಸಿ ದೊಡ್ಡ ಚಿತ್ರ ಮಾಡೋ ಹಳೇ ಐಡಿಯಾ ಬೇಡ. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಚೌಕವನ್ನ ಉದ್ದುದ್ದ ಮಾಡಿದಾಗ ಹಾಗೆ ಜೋಡಿಸಿದ್ದವರ ಚಿತ್ರವೆಲ್ಲ ಅಲ್ಲಲ್ಲೇ ಕಿತ್ತು ಹೋಯ್ತು.

ಪೂರ್ತಿ ಫೋಟೋಗಳು ಫೇಸ್‌ಬುಕ್ ಆಲ್ಬಮ್ಮಿಗೆ, ತಾಲ್ಲೂಕಿಗೊಂದು. ಅಲ್ಲಿ ಪ್ರತಿ ಫೋಟೋ ಕೆಳಗೂ ಬರೆಯೋಕೆ ಜಾಗ ಇದೆ. 'ಸಾಲು 12, ಕಂಬ 7' ಅಂತ ಸ್ಥಾನ, ಊರು, ಏನು ನಡೀತಿದೆ, ಒಪ್ಪಿದ್ರೆ ಹೆಸರು. "ಫೇಸ್‌ಬುಕ್ ಯಾರು ನೋಡ್ತಾರೆ?" ಅಂದ್ರೆ, ನಮ್ಮ ಚಿಕ್ಕಮ್ಮಂದಿರು ನೋಡ್ತಾರೆ, ಫೋಟೋದಲ್ಲಿ ಇರೋರೂ ಅವರೇ.

ಆ ಕೆಳಗಿನ ಸಾಲು ಬರೆಯೋದೇ ನಮ್ಮಂಥವರಿಗೆ ನಿಜವಾದ ಪರೀಕ್ಷೆ. ಕೋಡ್ ಸಲೀಸಾಗಿ ಬರೀತೀವಿ, ಕನ್ನಡದಲ್ಲಿ ಆರು ಪದ ಬರೆಯೋಕೆ ಕೂತ್ರೆ ಕೈ ನಡುಗುತ್ತೆ. ಗದ್ದೆಯಲ್ಲಿ ಅವ್ವ ಹಿಡಿದಿರೋ ವಸ್ತುವಿಗೆ ಏನಂತಾರೆ ಅಂತ ನಮಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಹಾಗಾಗಿ ಗೂಗಲ್ ಟ್ರಾನ್ಸ್‌ಲೇಟ್ ತೆಗೀಬೇಡಿ. ಫೋಟೋ ತೋರಿಸಿ ಕೇಳಿ, ಅವರು ಹೇಳಿದ ಹಾಗೇ ಬರೀರಿ. ಪಿರಿಯಾಪಟ್ಟಣದಲ್ಲಿ ಒಂದು ಮಾತು, ಕೆ.ಆರ್. ನಗರದಲ್ಲಿ ಇನ್ನೊಂದು ಬಂದ್ರೆ ಎರಡೂ ಇರಲಿ.

ಕೆಲಸ ಎಷ್ಟು ಅಂತ ಕೇಳೋರಿಗೆ: ಫೋಟೋಗಳನ್ನ ಚೌಕಕ್ಕೆ ಕತ್ತರಿಸೋದು ಕೈಯಲ್ಲೇ ಆಗಬೇಕು, ಕಂಪ್ಯೂಟರಿಗೆ ಬಿಟ್ರೆ ನಡುಭಾಗ ಇಟ್ಕೊಂಡು ತಲೆ ಬಿಸಾಕುತ್ತೆ. ಒಂದಕ್ಕೆ ಹತ್ತು ಸೆಕೆಂಡ್ ಅಂದ್ರೂ 320ಕ್ಕೆ ಒಂದು ಗಂಟೆ ಹಿಡಿಯಲ್ಲ. ಫೋನ್ ಮಾಡಿ ಕೇಳೋದಕ್ಕೆ, ಬರೆಯೋದಕ್ಕೆ ಎರಡು ವಾರ. ಹತ್ತು ನಿಮಿಷದ ಕೆಲಸ ಅಲ್ಲ, ಒಪ್ಕೊಳ್ತೀವಿ.

ವಾಟ್ಸಾಪಿನಲ್ಲಿ ಕಳಿಸೋರು ಫೋಟೋವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲಾಂದ್ರೆ ಅದು ಕುಗ್ಗಿಸಿಬಿಡುತ್ತೆ. ಫಿಲ್ಟರ್ ಹಾಕಿದ್ದು ಬೇಡ. ಹಳೇ ಪ್ರಿಂಟ್ ಇದ್ರೆ ಫ್ಲ್ಯಾಶ್ ಇಲ್ಲದೆ ಕಿಟಕಿ ಹತ್ರ ಇಟ್ಟು ತೆಗೀರಿ. ಗೋಲ್ಡನ್ ಟೆಂಪಲ್ ಸದ್ಯಕ್ಕೆ ಸಾಕು. ಸಾಲಿಗ್ರಾಮ ಕಡೆಯಿಂದ ಇನ್ನೂ ಒಂದೂ ಬಂದಿಲ್ಲ. ಕಪ್ಪು ಫೋಟೋ ಬಹಳ ಕಮ್ಮಿ ಇದೆ. ಸೀಸನ್ ಇನ್ನೂ ಮುಗಿದಿಲ್ಲ, ಈ ಶನಿವಾರ ಊರಿಗೆ ಹೋಗೋರು ರಾತ್ರಿ ಬ್ಯಾರನ್ ಹತ್ರ ಒಂದು ತೆಕ್ಕೊಂಡು ಬನ್ನಿ.